ಪಾತ್ರೆ ತೊಳೆಯಲು ಫ್ರಾನ್ಸಿಗೇ ಹೋಗಬೇಕೇ?

ಪ್ರಶ್ನೆ: ಡಿಗ್ರಿ ಮುಗಿಸಿದ ಮಗಳು ಫ್ರಾನ್ಸಿನ ತೇಜೆ ಎಂಬಲ್ಲಿ ಕೆಲವು ತಿಂಗಳು ಸ್ವಯಂಸೇವಕಿಯಾಗಿ ಇದ್ದು ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅಲ್ಲಿ ಅಡುಗೆಮನೆ, ಪಾತ್ರೆ, ಶೌಚಾಲಯ ಎಲ್ಲ ಇವರೇ ತೊಳೆಯಬೇಕಂತೆ. ಕೇಳಿದರೆ "ತಾಳ್ಮೆ ಕಲಿಯಲು" ಅನ್ನುತ್ತಾಳೆ. ಮನೆಯಲ್ಲಿ ಕುಡಿದ ಲೋಟ ಎತ್ತಿಡದವಳಿಗೆ ಅಲ್ಲಿ ಯಾರು ಕಲಿಸುತ್ತಾರೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಯಾರೂ ಕಲಿಸುವುದಿಲ್ಲ. ಅಲ್ಲಿನ ದಿನಚರಿಯೇ ಹಾಗಿದೆ, ಬೇಡವೆಂದರೂ ಕಲಿಯಬೇಕಾಗುತ್ತದೆ.

ತೇಜೆ ಬರ್ಗಂಡಿ ಸೀಮೆಯ ಪುಟ್ಟ ಹಳ್ಳಿ. 1940ರಲ್ಲಿ, ಯುದ್ಧದ ನಡುವೆ, ಸ್ವಿಟ್ಜರ್ಲೆಂಡಿನ ಇಪ್ಪತ್ತೈದರ ಯುವಕ ರೋಜರ್ ಒಬ್ಬನೇ ಬಂದು ಅಲ್ಲೊಂದು ಮನೆ ಕೊಂಡ. ಯೆಹೂದ್ಯರೂ ಸೇರಿದಂತೆ ತಲೆಮರೆಸಿಕೊಂಡು ಬಂದವರಿಗೆ ಆಶ್ರಯ ಕೊಟ್ಟ. ಬಾಳಿನುದ್ದಕ್ಕೂ ಒಟ್ಟಿಗಿರುತ್ತೇವೆಂದು ಅವನ ಕ್ರೈಸ್ತ ಸನ್ಯಾಸಿ ಸಮುದಾಯದ ಮೊದಲ ಏಳು ಮಂದಿ ವ್ರತ ತೊಟ್ಟದ್ದು 1949ರ ಈಸ್ಟರ್‌ನಲ್ಲಿ. ತಾಳ್ಮೆಯ ಮಾತು ಬಂದದ್ದರಿಂದ ಈ ಒಂಬತ್ತು ವರ್ಷದ ಲೆಕ್ಕ ಹೇಳಿದೆ. ಇಂದು ಪ್ರಾಟೆಸ್ಟೆಂಟರು, ಕ್ಯಾಥೋಲಿಕರು ಅಲ್ಲಿ ಒಂದೇ ಸೂರಿನಡಿ ಬ್ರದರ್‌ಗಳಾಗಿದ್ದಾರೆ. ತಮಗಾಗಿ ದಾನ ತೆಗೆದುಕೊಳ್ಳುವುದಿಲ್ಲ. ಮಣ್ಣಿನ ಪಾತ್ರೆ ಮಾಡಿ, ಪುಸ್ತಕ ಬರೆದು, ದುಡಿದು ಉಣ್ಣುತ್ತಾರೆ.

ಇವರೊಡನೆ ಪ್ರಾರ್ಥಿಸಲು ಬೇಸಿಗೆಯಲ್ಲಿ ವಾರಕ್ಕೆ ಸಾವಿರಾರು ಯುವಜನ ಬರುತ್ತಾರೆ. 1971ರ ಈಸ್ಟರ್‌ಗೆ ಜನ ಹಿಡಿಸದೆ ಚರ್ಚಿನ ಮುಂಗೋಡೆಯನ್ನೇ ಒಡೆದು, ಡೇರೆ ಹಾಕಿ ಜಾಗ ಮಾಡಿದ್ದರು. ಇಷ್ಟು ಜನಕ್ಕೆ ಬಡಿಸುವುದು, ತೊಳೆಯುವುದು, ಗುಡಿಸುವುದು ಬಂದವರದೇ ಪಾಳಿ. ಬೆಳಗ್ಗೆ ಬ್ರೆಡ್ಡು, ಬೆಣ್ಣೆ, ಒಂದೆರಡು ಕಡ್ಡಿ ಚಾಕೊಲೇಟು. ಚಹಾ ಬಟ್ಟಲಿನಲ್ಲಿ, ಹಿಡಿಯಿಲ್ಲದ್ದರಿಂದ ಎರಡೂ ಕೈಯಲ್ಲಿ ಹಿಡಿದು ಕುಡಿಯಬೇಕು. ಚಾಕು, ಫೋರ್ಕು ಇಲ್ಲ. ಗಟ್ಟಿ ಬೆಣ್ಣೆಯನ್ನು ಚಮಚದ ಬೆನ್ನಿನಿಂದಲೇ ಸವರಬೇಕು. ಅವಸರ ಮಾಡಿದರೆ ಬ್ರೆಡ್ಡು ಹರಿಯುತ್ತದೆ, ಅಷ್ಟೆ.

ಆದರೆ ಸರತಿಯಲ್ಲಿ ನಿಲ್ಲುವುದು ದೊಡ್ಡ ತಾಳ್ಮೆಯಲ್ಲ. ರೇಷನ್ ಅಂಗಡಿಯ ಮುಂದೆ ನಿಂತವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ತಿಂಗಳುಗಟ್ಟಲೆ ಉಳಿಯುವ ಸ್ವಯಂಸೇವಕರ ಪರೀಕ್ಷೆ ಬೇರೆ. ಹೆಚ್ಚಿನವರು ಭಾನುವಾರ ಬಂದು ಮುಂದಿನ ಭಾನುವಾರ ಹೊರಡುವವರು. ಪೋಲೆಂಡಿನ ಹುಡುಗನಿಗೂ ಪೋರ್ಚುಗಲ್ಲಿನ ಹುಡುಗಿಗೂ ಅರೆಬರೆ ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ, ಯಾವ ತೊಟ್ಟಿಯಲ್ಲಿ ಸೋಪು, ಯಾವುದರಲ್ಲಿ ಬರೀ ನೀರು, ಒರೆಸಿದ ಬಟ್ಟಲು ಎಲ್ಲಿ ಪೇರಿಸಬೇಕು ಎಂದು ತೋರಿಸಿಕೊಟ್ಟು, ಗುರುವಾರದ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬರುತ್ತದೆ. ಭಾನುವಾರ ಅವರೆಲ್ಲ ಬಸ್ಸು ಹತ್ತುತ್ತಾರೆ. ಸಂಜೆ ಹೊಸ ಮುಖಗಳು, ಮತ್ತೆ ಅದೇ ಸೋಪಿನ ತೊಟ್ಟಿಯಿಂದ ಶುರು. ಹಿಂದಿನ ವಾರದವರು ಎಷ್ಟು ಚುರುಕಾಗಿದ್ದರು ಎಂದು ಹೊಸಬರ ಎದುರು ಹೇಳುವ ಹಾಗಿಲ್ಲ. ಅವರಿಗೆ ಇದು ಮೊದಲ ವಾರ. ನಿಮ್ಮ ಮಗಳು ಹೇಳುವ ತಾಳ್ಮೆ ಇದಾದರೆ, ಅದು ಇಲ್ಲೇ ಹುಟ್ಟಬೇಕು. ತಾನೇ ಬೇಗ ಬೇಗ ತೊಳೆದು ಮುಗಿಸಿಬಿಡುವುದು ಸುಲಭ. ಆಗ ಉಳಿದವರು ಕೈಕಟ್ಟಿ ನಿಲ್ಲಬೇಕಾಗುತ್ತದೆ.

ದಿನಕ್ಕೆ ಮೂರು ಹೊತ್ತು ಗಂಟೆ ಬಾರಿಸುತ್ತದೆ, ಕೆಲಸ ಬಿಟ್ಟು ಪ್ರಾರ್ಥನೆಗೆ ಹೋಗುತ್ತಾರೆ. ಒಂದೊಂದು ಸಾಲನ್ನೇ ಮತ್ತೆ ಮತ್ತೆ ಹಾಡುತ್ತಾರೆ, ನಡುವೆ ಎಂಟು–ಹತ್ತು ನಿಮಿಷ ಮೌನ. ಫೋನು ಬಿಟ್ಟಿರದವರಿಗೆ ಮೊದಲ ದಿನಗಳಲ್ಲಿ ಈ ಮೌನವೇ ಪಾತ್ರೆಗಿಂತ ಭಾರ.

ಇನ್ನು ನಿಮ್ಮ ಸಂಶಯ. ಒಂದೇ ವಾರಕ್ಕೆ ಹೋದರೆ ಅದು ಜಾತ್ರೆ. ಸ್ನೇಹ, ಹಾಡು, ಫೋಟೊ. ತಾಳ್ಮೆಗೇ ಹೋಗುವುದಾದರೆ ಎರಡು–ಮೂರು ತಿಂಗಳಾದರೂ ಇರಲಿ, ಮೊದಲೇ ಬರೆದು ಅವರ ಒಪ್ಪಿಗೆ ಪಡೆಯಲಿ. ಅಲ್ಲಿ ಹುಡುಗಿಯರ ಯೋಗಕ್ಷೇಮವನ್ನು ಪಕ್ಕದ ಹಳ್ಳಿಯ ಸೇಂಟ್ ಆಂಡ್ರ್ಯೂ ಸಭೆಯ ಸಿಸ್ಟರುಗಳು ನೋಡಿಕೊಳ್ಳುತ್ತಾರೆ, ಆ ಚಿಂತೆ ಬಿಡಿ. ವೀಸಾ ಕೈಗೆ ಬರುವ ಮೊದಲು ಮಾತ್ರ ಟಿಕೆಟಿಗೆ ದುಡ್ಡು ಕಟ್ಟಬೇಡಿ.