ಮುಂಭಾಗವೇ ಬಾಗಿಲಾದ ಕಾರು

ಪ್ರಶ್ನೆ: ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಮೊಟ್ಟೆಯಾಕಾರದ ಪುಟ್ಟ ಕಾರಿನ ಚಿತ್ರ ನೋಡಿದೆ. ಅದಕ್ಕೆ ಪಕ್ಕದಲ್ಲಿ ಬಾಗಿಲೇ ಇರಲಿಲ್ಲ. ಕಾರಿನ ಮೂತಿಯೇ ಫ್ರಿಜ್ಜಿನ ಬಾಗಿಲಿನಂತೆ ತೆರೆದುಕೊಂಡಿತ್ತು. ಇಂಥವು ನಿಜಕ್ಕೂ ರಸ್ತೆಯಲ್ಲಿ ಓಡಾಡಿದ್ದವೇ? ಯಾರು, ಯಾಕೆ ಮಾಡಿದರು? ಆಮೇಲೆ ಎಲ್ಲಿ ಹೋದವು? ನಮ್ಮ ದೇಶದಲ್ಲಿ ಇಂಥದ್ದೇನಾದರೂ ಬಂದಿತ್ತೇ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ನೋಡಿದ್ದು ಇಸೆಟ್ಟಾ ಇರಬೇಕು. ಖಂಡಿತ ಓಡಾಡಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯೊಂದೇ 1955ರಿಂದ 1962ರವರೆಗೆ ಅಂಥ 1,61,000ಕ್ಕೂ ಹೆಚ್ಚು ಕಾರುಗಳನ್ನು ತಯಾರಿಸಿತು. ನಿಮಗೆ ಫ್ರಿಜ್ಜಿನ ಬಾಗಿಲು ನೆನಪಾದದ್ದು ಕೂಡ ತಪ್ಪೇನಲ್ಲ. ಇಸೆಟ್ಟಾ ಹುಟ್ಟಿದ್ದು ಇಟಲಿಯಲ್ಲಿ, ಮಿಲಾನ್ ಪಕ್ಕದ ಬ್ರೆಸ್ಸೊ ಎಂಬಲ್ಲಿದ್ದ ಇಸೊ ಕಂಪನಿಯಲ್ಲಿ. ಅದರ ಒಡೆಯ ರೆಂಜೊ ರಿವೋಲ್ಟಾ ಮೊದಲು ಫ್ರಿಜ್ ಮಾಡಿ ಮಾರುತ್ತಿದ್ದವರು, ಆಮೇಲೆ ಸ್ಕೂಟರಿಗೆ ಬಂದವರು. ಕಾರಿನ ರೂಪ ಕೊಟ್ಟ ಎರ್ಮೆನೆಜಿಲ್ಡೊ ಪ್ರೆತಿ ಗ್ಲೈಡರ್ ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್.

ಈ ಜಾತಿಯ ಕಾರುಗಳನ್ನು ಮೈಕ್ರೊಕಾರ್ ಎನ್ನುತ್ತಾರೆ. ಮೈ ಗುಂಡಗಿದ್ದು ಗಾಜು ಹೆಚ್ಚಿದ್ದವಕ್ಕೆ ಬಬಲ್ ಕಾರ್ ಎಂಬ ಹೆಸರೂ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹದಿನೈದಿಪ್ಪತ್ತು ವರ್ಷ ಇವುಗಳ ಕಾಲ. ಚಿತ್ರದಲ್ಲಿ ನೋಡಿದರೆ ಎಲ್ಲರಿಗೂ ಮುದ್ದು ಬರುತ್ತದೆ, ನನಗೂ ಬರುತ್ತದೆ. ಆದರೆ ನಾನು ಇವುಗಳಿಗೆ ಮನಸೋತದ್ದು ಬೇರೆ ಕಾರಣಕ್ಕೆ. ಇವುಗಳ ಒಂದೊಂದು ವಿಚಿತ್ರವನ್ನೂ ಹಿಡಿದು ‘ಇದು ಹೀಗ್ಯಾಕಿದೆ’ ಎಂದು ಕೇಳುತ್ತ ಹೋದರೆ ಅದರ ಹಿಂದೆ ಒಂದು ಕೊರತೆಯೋ ಒಂದು ಕಾನೂನೋ ಸಿಕ್ಕೇ ಸಿಗುತ್ತದೆ. ಶೋಕಿಗೆಂದು ಮಾಡಿದ್ದು ಬಹಳ ಕಡಿಮೆ.

1945ರ ನಂತರದ ಯುರೋಪನ್ನು ಊಹಿಸಿಕೊಳ್ಳಿ. ಉಕ್ಕಿಗೆ ಬರ, ಪೆಟ್ರೋಲಿಗೆ ಪಡಿತರ, ಜನರ ಕೈಯಲ್ಲಿ ಕಾಸಿಲ್ಲ. ಕೆಲಸಕ್ಕೆ ಹೋಗುವವನು ಸೈಕಲ್ ಬಿಟ್ಟು ಮೋಟರ್‌ಸೈಕಲ್ ಏರಿದ. ಮದುವೆಯಾಗಿ ಮಗುವಾದ ಮೇಲೆ, ಆ ಚಳಿ ಮಳೆ ಹಿಮದಲ್ಲಿ ತಲೆಯ ಮೇಲೊಂದು ಸೂರಿರುವ ಗಾಡಿ ಬೇಕೆನಿಸಿತು. ಕಾರು ಕೊಳ್ಳೋಣವೆಂದರೆ ಬೆಲೆ ನಿಲುಕದು. ಇತ್ತ ಸೋತ ಜರ್ಮನಿಯಲ್ಲಿ ಯಾರೂ ವಿಮಾನ ಕಟ್ಟಕೂಡದೆಂದು ಗೆದ್ದ ದೇಶಗಳು ಕಟ್ಟಪ್ಪಣೆ ಮಾಡಿದ್ದವು. ತೂಕದಲ್ಲಿ ಗ್ರಾಂ ಲೆಕ್ಕ ಹಾಕುವುದನ್ನೇ ಕಸುಬು ಮಾಡಿಕೊಂಡಿದ್ದ ವಿಮಾನ ಎಂಜಿನಿಯರುಗಳಿಗೆ ಕೆಲಸವಿಲ್ಲ, ಅವರ ಕಾರ್ಖಾನೆಗಳಲ್ಲಿ ಯಂತ್ರಗಳಿಗೂ ಕೆಲಸವಿಲ್ಲ.

ಫ್ರಿಟ್ಸ್ ಫೆಂಡ್ ಅಂಥ ಒಬ್ಬ ಎಂಜಿನಿಯರ್. ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರಿಗೆಂದು ಆತ ಮೂರು ಚಕ್ರದ ಪುಟ್ಟ ಗಾಡಿ ಮಾಡತೊಡಗಿದ. ಸ್ವಲ್ಪ ದಿನದಲ್ಲೇ ಕಾಲು ಗಟ್ಟಿಯಿದ್ದವರೂ ತಮಗೊಂದು ಬೇಕೆಂದು ಕೇಳಲಾರಂಭಿಸಿದರು. ದೊಡ್ಡದಾಗಿ ತಯಾರಿಸಲು ಕಾರ್ಖಾನೆ ಬೇಕಲ್ಲ, ಫೆಂಡ್ ಹೋಗಿ ಸೇರಿದ್ದು ಮೆಸ್ಸರ್‌ಶ್ಮಿಟ್ ಕಂಪನಿಯನ್ನು. ಯುದ್ಧವಿಮಾನಗಳಿಗೆ ಹೆಸರಾದ ಆ ಕಂಪನಿಯ ರೇಗನ್ಸ್‌ಬರ್ಗ್ ಕಾರ್ಖಾನೆಯಿಂದ 1953ರಲ್ಲಿ ಕೆ.ಆರ್. 175 ಹೊರಬಂತು, 1955ರಲ್ಲಿ ಅದರ ಸುಧಾರಿತ ರೂಪ ಕೆ.ಆರ್. 200.

ಎಲ್ಲ ಮೈಕ್ರೊಕಾರುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಕೆ.ಆರ್. 200. ಮುಂದೆ ಎರಡು ಚಕ್ರ, ಹಿಂದೆ ಒಂದು. ಓಡಿಸುವವರು ಮುಂದೆ, ಜೊತೆಯವರು ಅವರ ಬೆನ್ನ ಹಿಂದೆ. ಪಕ್ಕಪಕ್ಕ ಕೂರಿಸಿದರೆ ಗಾಡಿ ಅಗಲವಾಗುತ್ತದೆ, ಗಾಳಿಗೆ ಎದೆಯೊಡ್ಡಬೇಕಾಗುತ್ತದೆ. ಆಗ 191 ಸಿ.ಸಿ.ಯ ಸುಮಾರು 10 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್ ಸಾಲುವುದಿಲ್ಲ. ಹಿಂದೊಬ್ಬರು ಮುಂದೊಬ್ಬರು ಕೂತದ್ದರಿಂದಲೇ ಅದು ಗಂಟೆಗೆ 90 ಕಿ.ಮೀ. ಮುಟ್ಟುತ್ತಿತ್ತು. ಮೇಲಿನ ಪಾರದರ್ಶಕ ಮುಚ್ಚಳವನ್ನು ಪಕ್ಕಕ್ಕೆ ಎತ್ತಿ ಒಳಗಿಳಿಯಬೇಕು. ಇದು ಯುದ್ಧವಿಮಾನದ ಮುಚ್ಚಳವೇ ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಅದು ನಿಜವಲ್ಲ, ಕಾರಿಗೆಂದೇ ಮಾಡಿದ್ದು.

ಈ ಗಾಡಿ ಹಿಂದಕ್ಕೆ ಹೋಗುವ ಬಗೆಯಂತೂ ಎಂಜಿನಿಯರಿಂಗ್ ಜಾಣ್ಮೆಯ ಒಂದು ಮುತ್ತು. ಇದರ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರ್ ಇಲ್ಲ, ಇಟ್ಟರೆ ಭಾರ, ಖರ್ಚು ಎರಡೂ ಹೆಚ್ಚು. ಟೂ ಸ್ಟ್ರೋಕ್ ಎಂಜಿನ್ನಿಗೆ ಒಂದು ಗುಣವಿದೆ: ಕಿಡಿ ಹಾರುವ ಹೊತ್ತನ್ನು ಹೊಂದಿಸಿಕೊಟ್ಟರೆ ಅದು ಎರಡೂ ದಿಕ್ಕಿಗೆ ತಿರುಗಬಲ್ಲದು. ಹಾಗಾಗಿ ಎಂಜಿನ್ ಆರಿಸಿ, ಕೀಲಿಯನ್ನು ಮಾಮೂಲಿಗಿಂತ ಇನ್ನಷ್ಟು ಒಳಕ್ಕೆ ಒತ್ತಿ ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ ಉಲ್ಟಾ ತಿರುಗುತ್ತಿತ್ತು. ಗೇರುಗಳೇನೋ ಅವೇ ನಾಲ್ಕು. ಅಂದರೆ ಮುಂದಕ್ಕೆ ನಾಲ್ಕು ಗೇರಿದ್ದಂತೆ ಹಿಂದಕ್ಕೂ ನಾಲ್ಕು ಗೇರು!

ಇಸೆಟ್ಟಾದ ಜಾಣತನ ಇನ್ನೊಂದು ತೆರ. ಉದ್ದ 2.3 ಮೀಟರ್ ಆಸುಪಾಸು. ಇಷ್ಟು ಗಿಡ್ಡ ಕಾರಿನ ಪಕ್ಕದಲ್ಲಿ ಬಾಗಿಲಿಟ್ಟರೆ ಮುಂದಿನ ಚಕ್ರ ಅಡ್ಡ ಬರುತ್ತದೆ. ಮುಂದೆ ಎಂಜಿನ್ ಇಲ್ಲ, ಅದು ಹಿಂಬದಿಯ ಬಲ ಮೂಲೆಯಲ್ಲಿದೆ. ಖಾಲಿಯಿರುವ ಮುಂಭಾಗವೇ ಬಾಗಿಲಾಗಲಿ ಎಂದರು. ಹಾಗೆಂದಾಗ ಸ್ಟಿಯರಿಂಗ್ ಅಡ್ಡ ಬಂತು. ಅದರ ಕಂಬಕ್ಕೆ ಕೀಲು ಹಾಕಿ, ಬಾಗಿಲು ತೆರೆದರೆ ಸ್ಟಿಯರಿಂಗೂ ಬಾಗಿಲ ಜೊತೆ ಹೊರಕ್ಕೆ ಸರಿಯುವಂತೆ ಮಾಡಿದರು. ಕಾರನ್ನು ಫುಟ್‌ಪಾತಿಗೆ ನೇರ ಮುಖ ಮಾಡಿ ನಿಲ್ಲಿಸಿ, ಮುಂದಕ್ಕೆ ಹೆಜ್ಜೆಯಿಟ್ಟು ಇಳಿದರಾಯಿತು. ಮುಂಭಾಗಕ್ಕೆ ಏಟು ಬಿದ್ದು ಬಾಗಿಲು ಸಿಕ್ಕಿಕೊಂಡರೆ? ಅದಕ್ಕೆಂದೇ ಛಾವಣಿಯಲ್ಲಿ ಬಟ್ಟೆಯ ಕಿಂಡಿ. ಬಿಸಿಲು ಕಾಯಿಸಿಕೊಳ್ಳುವ ಸೌಖ್ಯವೂ ಆಯಿತು, ಆಪತ್ತಿಗೆ ದಾರಿಯೂ ಆಯಿತು. ಹಿಂದಿನ ಎರಡು ಚಕ್ರಗಳ ನಡುವೆ ಅರ್ಧ ಮೀಟರಿನಷ್ಟೇ ಅಂತರ. ಅಷ್ಟು ಹತ್ತಿರವಿದ್ದರೆ ತಿರುವಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ದೂರ ಉರುಳುವುದರಿಂದ ಡಿಫರೆನ್ಷಿಯಲ್ ಎಂಬ ದುಬಾರಿ ಭಾಗವೇ ಬೇಡವಾಯಿತು.

ಬಿ.ಎಂ.ಡಬ್ಲ್ಯು.ಗೆ ಇಸೆಟ್ಟಾ ಬೇಕಾದದ್ದು ಹೊಟ್ಟೆಪಾಡಿಗೆ. ಅದು ಆಗ ಮಾಡುತ್ತಿದ್ದ ಭಾರಿ ಕಾರುಗಳನ್ನು ಕೊಳ್ಳುವವರು ಸಾಲದೆ ನಷ್ಟವಾಗುತ್ತಿತ್ತು. ಮೋಟರ್‌ಸೈಕಲ್ ವ್ಯಾಪಾರವೂ ಇಳಿಮುಖ. ಇಸೊ ಕಂಪನಿಯಿಂದ ಪರವಾನಗಿ ಪಡೆದು, ತನ್ನದೇ ಮೋಟರ್‌ಸೈಕಲ್ಲಿನ 247 ಸಿ.ಸಿ. ಎಂಜಿನ್ ಕೂರಿಸಿ ಮಾರುಕಟ್ಟೆಗೆ ಬಿಟ್ಟಿತು. ಬೆಲೆ 2,500 ಮಾರ್ಕಿನ ಆಸುಪಾಸು. ಆಗಿನ ಫೋಕ್ಸ್‌ವ್ಯಾಗನ್ ಬೀಟಲ್ 4,000ಕ್ಕೆ ಹತ್ತಿರ. ಇಷ್ಟು ಮಾರಾಟವಾಗಿಯೂ ಕಂಪನಿಯ ಕಷ್ಟ ತೀರಲಿಲ್ಲ. 1959ರಲ್ಲಿ ಅದನ್ನು ಡೈಮ್ಲರ್-ಬೆನ್ಸ್‌ಗೆ ಒಪ್ಪಿಸುವ ಮಾತು ಮುಗಿಯುವ ಹಂತಕ್ಕೆ ಬಂದಿತ್ತು. ಸಣ್ಣ ಷೇರುದಾರರು ತಿರುಗಿಬಿದ್ದರು, ಉದ್ಯಮಿ ಹರ್ಬರ್ಟ್ ಕ್ವಾಂಟ್ ಬಂಡವಾಳ ಹಾಕಿದರು, ಕಂಪನಿ ಉಳಿಯಿತು. ಅಲ್ಲಿಯವರೆಗೆ ಅದರ ಕಾರ್ಖಾನೆಯನ್ನು ಚಾಲೂ ಇಟ್ಟದ್ದರಲ್ಲಿ ಈ ಮೊಟ್ಟೆ ಕಾರಿನ ಪಾಲು ದೊಡ್ಡದು.

247 ಸಿ.ಸಿ. ಎಂಬ ಅಂಕಿಗೂ ಅರ್ಥವಿದೆ. ಜರ್ಮನಿಯಲ್ಲಿ ಹಳೆಯ ನಾಲ್ಕನೇ ದರ್ಜೆಯ ಲೈಸೆನ್ಸ್ ಇದ್ದವರು 250 ಸಿ.ಸಿ.ವರೆಗಿನ ಗಾಡಿ ಓಡಿಸಬಹುದಿತ್ತು. ಕಾರಿನ ಲೈಸೆನ್ಸಿಗೆ ಹೊಸದಾಗಿ ಪರೀಕ್ಷೆ ಕೊಡಬೇಕಿಲ್ಲ. ಡಿಂಗೋಲ್‌ಫಿಂಗ್ ಎಂಬ ಊರಲ್ಲಿ ಬಿತ್ತನೆ ಯಂತ್ರ ಮಾಡುತ್ತಿದ್ದ ಹಾನ್ಸ್ ಗ್ಲಾಸ್ ಕೂಡ ಇದೇ ಮಿತಿಯೊಳಗೆ ಗೊಗ್ಗೊಮೊಬಿಲ್ ಮಾಡಿದರು. ನೋಡಲು ಅದು ಮಾಮೂಲಿ ಕಾರಿನದೇ ಮರಿ, ನಾಲ್ಕು ಜನ ಹೇಗೋ ಹಿಡಿಸುತ್ತಿದ್ದರು. ಎಲ್ಲ ಮಾದರಿಗಳೂ ಸೇರಿ 2,80,000ದಷ್ಟು ತಯಾರಾದವು. ಗ್ಲಾಸ್ ಕಂಪನಿಯನ್ನು 1966ರಲ್ಲಿ ಬಿ.ಎಂ.ಡಬ್ಲ್ಯು. ಕೊಂಡಿತು, ಡಿಂಗೋಲ್‌ಫಿಂಗ್‌ನಲ್ಲಿ ಇಂದು ಯುರೋಪಿನಲ್ಲೇ ಅದರ ಅತಿ ದೊಡ್ಡ ಕಾರ್ಖಾನೆಯಿದೆ.

ಬ್ರಿಟನ್ನಿನ ಕಾನೂನು ಇನ್ನೊಂದು ಬಗೆ. ಅಲ್ಲಿ ಮೂರು ಚಕ್ರದ ಹಗುರ ಗಾಡಿಗೆ ತೆರಿಗೆ ಕಡಿಮೆ. ರಿವರ್ಸ್ ಇಲ್ಲದಿದ್ದರೆ ಮೋಟರ್‌ಸೈಕಲ್ ಲೈಸೆನ್ಸೇ ಸಾಕು. ಹಾಗಾಗಿ ಇಸೆಟ್ಟಾಕ್ಕೆ ಅಲ್ಲಿ ಹಿಂದೆ ಒಂದೇ ಚಕ್ರ ಹಾಕಿದರು, ರಿವರ್ಸನ್ನು ತಡೆದಿಟ್ಟರು. 1957ರಿಂದ ಅದು ತಯಾರಾದದ್ದು ಬ್ರೈಟನ್ನಿನ ಹಳೆಯ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ. ಅಲ್ಲಿಗೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ! ಬಿಡಿಭಾಗಗಳು ರೈಲಿನಲ್ಲಿ ಬರುತ್ತಿದ್ದವು, ಸಿದ್ಧವಾದ ಕಾರುಗಳು ರೈಲಿನಲ್ಲೇ ಹೊರಡುತ್ತಿದ್ದವು. ಟಿ.ವಿ. ಕಾರ್ಯಕ್ರಮವೊಂದರಿಂದಾಗಿ ಬ್ರಿಟನ್ನಿನ ಮೈಕ್ರೊಕಾರ್ ಎಂದೊಡನೆ ಈಗ ಜನರಿಗೆ ನೆನಪಾಗುವುದು ಪೀಲ್ ಪಿ50. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1962ರಿಂದ ತಯಾರಾದ, 137 ಸೆಂ.ಮೀ. ಉದ್ದದ, ಒಬ್ಬರೇ ಕೂರುವ ಕಾರು ಅದು. ಹಿಂದೆ ತಿರುಗಿಸಬೇಕಾದರೆ ಇಳಿದು ಹಿಡಿಕೆ ಹಿಡಿದು ಎತ್ತಬೇಕು. ಸುಮಾರು 50 ಮಾತ್ರ ತಯಾರಾಗಿರುವುದರಿಂದ ಹರಾಜಿನಲ್ಲಿ ಒಂದು ಲಕ್ಷ ಡಾಲರ್ ದಾಟಿದ್ದಿದೆ. ಒಂದಿಡೀ ತಲೆಮಾರನ್ನು ಕೆಲಸಕ್ಕೆ ಹೊತ್ತೊಯ್ದ ಇಸೆಟ್ಟಾ, ಗೊಗ್ಗೊಗಳ ಮುಂದೆ ಅದಕ್ಕೆ ಅಷ್ಟು ಮಣೆ ಹಾಕಲು ನನಗೆ ಮನಸ್ಸಿಲ್ಲ.

ಪುಟ್ಟತನವೇ ಒಂದು ಜೀವ ಉಳಿಸಿದ ಕಥೆಯನ್ನು ಹೇಳದಿದ್ದರೆ ಉತ್ತರ ಅಪೂರ್ಣ. ಬರ್ಲಿನ್ ಗೋಡೆ ಎದ್ದ ಮೇಲೆ ಪೂರ್ವದವರು ಪಶ್ಚಿಮಕ್ಕೆ ದಾಟುವಂತಿರಲಿಲ್ಲ. ಗಡಿ ಕಾವಲಿನವರು ದೊಡ್ಡ ಕಾರುಗಳ ಡಿಕ್ಕಿ, ಸೀಟು ಎಲ್ಲ ತಡಕುತ್ತಿದ್ದರು. ಇಸೆಟ್ಟಾದಲ್ಲಿ ಮನುಷ್ಯನನ್ನು ಎಲ್ಲಿ ಬಚ್ಚಿಡಲು ಸಾಧ್ಯ? ಪಶ್ಚಿಮ ಬರ್ಲಿನ್ನಿನ ಮೆಕ್ಯಾನಿಕ್ ಯುವಕನೊಬ್ಬ, ಪೂರ್ವದಲ್ಲಿ ಸಿಕ್ಕಿಬಿದ್ದ ಗೆಳೆಯನಿಗಾಗಿ ತನ್ನ ಇಸೆಟ್ಟಾ ಬಿಚ್ಚಿದ. ಹೀಟರ್ ತೆಗೆದ, ಪೆಟ್ರೋಲ್ ಟ್ಯಾಂಕ್ ತೆಗೆದು ಎರಡು ಲೀಟರಿನ ಡಬ್ಬಿ ಇಟ್ಟ, ಎಂಜಿನ್ ಪಕ್ಕ ಒಬ್ಬರು ಮುದುಡಿ ಮಲಗುವಷ್ಟು ಜಾಗ ಮಾಡಿದ. ಪಶ್ಚಿಮ ಬರ್ಲಿನ್ನಿನವನಾದ ಅವನಿಗೆ ಆಗ ಪೂರ್ವಕ್ಕೆ ಹೋಗುವ ಅವಕಾಶವಿರಲಿಲ್ಲ. ಕಾರು ಓಡಿಸಿದವರು ಇಬ್ಬರು ವಿದ್ಯಾರ್ಥಿಗಳು. 1963ರ ಮೇ ತಿಂಗಳ ಒಂದು ರಾತ್ರಿ ಆ ಗೆಳೆಯ ಬಿಸಿ ಎಂಜಿನ್ನಿಗೆ ಮೈತಾಗಿಸಿಕೊಂಡು ಗಡಿ ದಾಟಿದ. ಹೀಗೆ ಜನರನ್ನು ದಾಟಿಸಿದ ಇಸೆಟ್ಟಾವನ್ನು ಬರ್ಲಿನ್ನಿನ ಚೆಕ್‌ಪಾಯಿಂಟ್ ಚಾರ್ಲಿ ಬಳಿಯ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ಇನ್ನು ಇವು ಎಲ್ಲಿ ಹೋದವು ಎಂಬ ಪ್ರಶ್ನೆ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿಗೆ ಮತ್ತೆ ಪೆಟ್ರೋಲ್ ಪಡಿತರ ಬಂದಾಗ ಬಬಲ್ ಕಾರುಗಳಿಗೆ ಸುಗ್ಗಿ. ಅದನ್ನು ನೋಡಿ ಬೇಸತ್ತ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲೆನರ್ಡ್ ಲಾರ್ಡ್, ಇವುಗಳನ್ನು ರಸ್ತೆಯಿಂದ ಓಡಿಸುವಂಥ ನಿಜವಾದ ಪುಟ್ಟ ಕಾರು ಮಾಡಿಕೊಡು ಎಂದು ಎಂಜಿನಿಯರ್ ಅಲೆಕ್ ಇಸಿಗೋನಿಸ್‌ಗೆ ಹೇಳಿದರು. 1959ರ ಆಗಸ್ಟಿನಲ್ಲಿ ಮಿನಿ ಬಂತು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮೂರು ಮೀಟರ್ ಉದ್ದದಲ್ಲೇ ನಾಲ್ವರು ದೊಡ್ಡವರಿಗೆ ಜಾಗ ಮಾಡಿದ್ದರು. ಇಟಲಿಯಲ್ಲಿ 1957ರ ಫಿಯಟ್ 500 ಅದಾಗಲೇ ಅದೇ ಕೆಲಸ ಮಾಡಿತ್ತು. ಜರ್ಮನಿಯಲ್ಲಿ ಸಂಬಳ ಏರಿ ಬೀಟಲ್ ಕೈಗೆಟುಕಿತು. ಜನ ಅತ್ತ ಹೋದದ್ದು ಸರಿಯೇ. ಮೈಕ್ರೊಕಾರುಗಳ ಒಳಗೆ ಎಂಜಿನ್ ಸದ್ದು ಕಿವಿಗಡಚಿಕ್ಕುತ್ತಿತ್ತು, ಬೇಸಿಗೆಯಲ್ಲಿ ಗಾಜಿನ ಮುಚ್ಚಳದಡಿ ಬೇಯಬೇಕಿತ್ತು. ಇಸೆಟ್ಟಾದಲ್ಲಿ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇದ್ದದ್ದು ಒಂದು ತಗಡಿನ ಬಾಗಿಲು ಮಾತ್ರ.

ಜಪಾನಿನಲ್ಲಿ ಮಾತ್ರ ಈ ವಂಶ ಅಳಿಯಲಿಲ್ಲ. ಅಲ್ಲಿನ ಸರ್ಕಾರ ಪುಟ್ಟ ಕಾರುಗಳಿಗೆ ‘ಕೇ’ ಎಂಬ ಪ್ರತ್ಯೇಕ ವರ್ಗವನ್ನೇ ಮಾಡಿ ತೆರಿಗೆ ರಿಯಾಯಿತಿ ಕೊಟ್ಟಿತು. 1955ರಲ್ಲಿ ಎಂಜಿನ್ನಿನ ಮಿತಿ 360 ಸಿ.ಸಿ. ಆಯಿತು, ಅದೇ ವರ್ಷ ಸುಜುಕಿ ಕಂಪನಿ ಸುಜುಲೈಟ್ ಎಂಬ ಕಾರನ್ನು ತಂದಿತು. ಆ ಸಾಲಿನಲ್ಲೇ ಬೆಳೆದ ಸುಜುಕಿಯ ಪುಟ್ಟ ಕಾರು, 796 ಸಿ.ಸಿ. ಎಂಜಿನ್ ಹೊತ್ತು 1983ರ ಡಿಸೆಂಬರಿನಲ್ಲಿ ನಮ್ಮಲ್ಲಿಗೆ ಮಾರುತಿ 800 ಆಗಿ ಬಂತು. ನಿಮ್ಮೂರಿನ ರಸ್ತೆಯಲ್ಲಿ ಇನ್ನೂ ಓಡುತ್ತಿರುವ ಹಳೆಯ ಮಾರುತಿಗೂ ನೀವು ಕಂಡ ಚಿತ್ರಕ್ಕೂ ಹೀಗೊಂದು ದೂರದ ನೆಂಟಸ್ತಿಕೆಯಿದೆ.

ಅದಕ್ಕೂ ಮೊದಲು ನಮ್ಮವರೂ ಪ್ರಯತ್ನಪಟ್ಟಿದ್ದರು. ಬೆಳಗಾವಿಗೆ ದೂರವಲ್ಲದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು ‘ಮೀರಾ’ ಎಂಬ ಪುಟ್ಟ ಕಾರನ್ನು ದಶಕಗಳ ಕಾಲ ತಿದ್ದಿ ತೀಡಿದರು. ಅದು ಮಾರುಕಟ್ಟೆ ಮುಟ್ಟಲಿಲ್ಲ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಸನ್‌ರೈಸ್ ಆಟೊ ಇಂಡಸ್ಟ್ರೀಸ್ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ತಯಾರಿಸಿ ಮಾರಿತು: ಮುಂದೆ ಒಂದೇ ಚಕ್ರ, ಹಿಂದೆ 198 ಸಿ.ಸಿ. ಎಂಜಿನ್, ಫೈಬರ್‌ಗ್ಲಾಸ್ ಮೈ. ಅದೇ ಸಂಸ್ಥೆ ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನು ಆಧರಿಸಿ, 1980ರ ದಶಕದ ಆರಂಭದಲ್ಲಿ ‘ಡಾಲ್ಫಿನ್’ ತಂದಿತು. ರಿಲಯಂಟ್ ಎಂದರೆ ಮೂರು ಚಕ್ರದ ಕಾರುಗಳಿಗೇ ಹೆಸರಾದ ಕಂಪನಿ. ಬ್ರಿಟನ್ನಿನಲ್ಲಿ ಬಬಲ್ ಕಾರುಗಳಿಗೆ ಮಿನಿಯಿಂದಾದದ್ದು ಡಾಲ್ಫಿನ್ನಿಗೆ ಮಾರುತಿಯಿಂದ ಆಯಿತು. ಕನ್ನಡ ನೆಲದಲ್ಲಿ ತಯಾರಾದ ಈ ಕಾರುಗಳ ಬಗ್ಗೆ ನಮ್ಮಲ್ಲಿ ಯಾರೂ ಸರಿಯಾಗಿ ಬರೆದಿಟ್ಟಿಲ್ಲವೆಂಬುದು ನನ್ನ ಕೊರಗು. ನಿಮ್ಮ ಪರಿಚಯದವರಲ್ಲಿ ಯಾರ ಮನೆಯಲ್ಲಾದರೂ ಬಾದಲ್ ಇದ್ದಿದ್ದರೆ ಅದರ ಫೋಟೊ, ಕಾಗದಪತ್ರಗಳನ್ನು ಜೋಪಾನ ಮಾಡಲು ಹೇಳಿ.

ಈಗ ಯುರೋಪಿನಲ್ಲಿ ಪುಟ್ಟ ಕಾರುಗಳು ಬ್ಯಾಟರಿಯ ಮೇಲೆ ಮರಳಿ ಬರುತ್ತಿವೆ. ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಇಟಲಿಯ ಟ್ಯೂರಿನ್ನಿನಲ್ಲಿ ತಯಾರಿಸುವ ಮೈಕ್ರೊಲಿನೊ ಥೇಟ್ ಇಸೆಟ್ಟಾದ ಹಾಗಿದೆ, ಬಾಗಿಲೂ ಮುಂದೆಯೇ. ಸಿಟ್ರೊಯೆನ್ ಕಂಪನಿ 2020ರಲ್ಲಿ ತಂದ ಆಮಿ ಗಂಟೆಗೆ 45 ಕಿ.ಮೀ.ಗಿಂತ ವೇಗವಾಗಿ ಓಡುವುದಿಲ್ಲ. ಆ ಮಿತಿಯೊಳಗಿರುವುದರಿಂದಲೇ ಫ್ರಾನ್ಸಿನಲ್ಲಿ ಅದಕ್ಕೆ ಕಾರಿನ ಲೈಸೆನ್ಸ್ ಬೇಡ, 14 ವರ್ಷದವರೂ ಓಡಿಸಬಹುದು.