ಕಾರು ಬಿಟ್ಟು ಮೋಟಾರು ಸೈಕಲ್ ನೆಚ್ಚುವವರಿಗೆ

ಇಂಧನದ ವೆಚ್ಚ ಹಾಗೂ ನಿಲುಗಡೆಯ ತೊಂದರೆಗಳಿಂದಾಗಿ ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ಕಾರನ್ನು ಮಾರಿ, ವರ್ಷವಿಡೀ ಮೋಟಾರು ಸೈಕಲನ್ನೇ ಅವಲಂಬಿಸುವುದು ಮಿತವ್ಯಯದ ಮಾರ್ಗವೇ ಸರಿ. ಆದರೆ ಕಾರಿನ ಕವಚವು ನೀಡುತ್ತಿದ್ದ ರಕ್ಷಣೆಯನ್ನು ಇನ್ನು ಸವಾರನೇ ಒದಗಿಸಿಕೊಳ್ಳಬೇಕಾಗುತ್ತದೆ.

ಜೂನ್ ತಿಂಗಳಿನ ಮೊದಲ ಮಳೆಯಲ್ಲಿ ರಸ್ತೆಯ ಧೂಳು, ಎಣ್ಣೆಯ ಜಿಡ್ಡು ನೀರಿನೊಡನೆ ಬೆರೆತು ಜಾರುವ ಪದರವಾಗುತ್ತದೆ. ಆಗ ವೇಗ ತಗ್ಗಿಸಿ, ಮುಂದಿನ ವಾಹನದಿಂದ ಹೆಚ್ಚು ಅಂತರವಿರಿಸಿ, ಎರಡೂ ಬ್ರೇಕುಗಳನ್ನು ಒಟ್ಟಿಗೆ, ಮೃದುವಾಗಿ ಬಳಸತಕ್ಕದ್ದು. ನೀರು ನಿಂತ ರಸ್ತೆಯಲ್ಲಿ ಗುಂಡಿಗಳು ಕಾಣುವುದಿಲ್ಲ; ಅಂತಹ ದಿನ ರೈಲು ಅಥವಾ ಬಸ್ಸಿನ ಪ್ರಯಾಣವೇ ಲೇಸು.

1988ರ ಮೋಟಾರು ವಾಹನ ಅಧಿನಿಯಮದ 129ನೇ ಪ್ರಕರಣವು ಸವಾರನಿಗಷ್ಟೇ ಅಲ್ಲದೆ ಹಿಂಬದಿ ಕುಳಿತವರಿಗೂ ಶಿರಸ್ತ್ರಾಣವನ್ನು ವಿಧಿಸಿದೆ. ಗದ್ದದ ಪಟ್ಟಿಯನ್ನು ಬಿಗಿಯದಿದ್ದರೆ ಅದು ಅಪಘಾತದಲ್ಲಿ ಕಳಚಿಹೋಗಬಹುದು. ಕಾರಿನಿಂದ ಉಳಿದ ಹಣದ ಮೊದಲ ಪಾಲು ಐಎಸ್‌ಐ ಗುರುತಿನ ಶಿರಸ್ತ್ರಾಣಗಳಿಗೂ ಉತ್ತಮ ಟೈರುಗಳಿಗೂ ಸಲ್ಲಲಿ.