ಹೆಸರು, ಮುಖ ಮತ್ತು ಶಿಕ್ಷಕರ ಮೊದಲ ಅಭಿಪ್ರಾಯ

ಬೋಧನಾಭ್ಯಾಸಕ್ಕೆಂದು ಟಿಕೋಟಾ, ಬಬಲೇಶ್ವರದ ಶಾಲೆಗಳಿಗೆ ಹೋಗುವ ಮುನ್ನ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ವಿಜಯಪುರದಲ್ಲಿ ನಾನು ಈ ಕಿರುಪಾಠ ಮಾಡುತ್ತೇನೆ. ಹಾಜರಿ ಕೂಗುವಾಗಲೇ ಮಗುವಿನ ಬಗ್ಗೆ ನಮ್ಮಲ್ಲಿ ಅಭಿಪ್ರಾಯ ಹೇಗೆ ಮೂಡುತ್ತದೆ ಎಂಬುದನ್ನು ತಿಳಿಯುವುದು ಇದರ ಉದ್ದೇಶ.

ಚಟುವಟಿಕೆ: ಕರಿಹಲಗೆಯ ಮೇಲೆ ಎರಡು ಆಕೃತಿ ಬರೆಯುತ್ತೇನೆ. ಒಂದು ಮೋಡದಂತೆ ದುಂಡು, ಇನ್ನೊಂದು ಜಾಲಿಮುಳ್ಳಿನಂತೆ ಚೂಪು. ‘ಬೂಬಾ ಯಾವುದು, ಕಿಕಿ ಯಾವುದು?’ ಎಂದು ಬಾಯಿಮಾತಿನಲ್ಲಿ ಕೇಳುತ್ತೇನೆ. ಹೆಚ್ಚಿನವರು ದುಂಡನೆಯದನ್ನೇ ಬೂಬಾ ಎನ್ನುತ್ತಾರೆ. ‘ಬೂ’ ಎನ್ನುವಾಗ ತುಟಿಯೂ ದುಂಡಾಗುತ್ತದೆಯಲ್ಲವೇ? ಮನೋವಿಜ್ಞಾನಿ ಕೋಲರ್ 1929ರಲ್ಲೇ ಇಂಥ ಹೊಂದಾಣಿಕೆಯನ್ನು ಗುರುತಿಸಿದ್ದರು. ಇಂಗ್ಲಿಷಿನ ‘ಬಿ’ ದುಂಡು, ‘ಕೆ’ ಚೂಪು, ಆದ್ದರಿಂದ ಇದು ಅಕ್ಷರದ ಪ್ರಭಾವವಿರಬಹುದು ಎಂಬ ಪ್ರಶ್ನೆ ಬರುತ್ತದೆ. ಆದರೆ ಕನ್ನಡದಲ್ಲಿ ಬ, ಕ ಎರಡೂ ದುಂಡಗೇ ಇವೆ. 25 ಭಾಷೆಗಳ 917 ಜನರ ಮೇಲೆ ನಡೆದ ಅಧ್ಯಯನದಲ್ಲಿಯೂ ಸುಮಾರು ಶೇ. 72ರಷ್ಟು ಉತ್ತರಗಳು ಹೀಗೆಯೇ ಹೊಂದಿದ್ದವು.

ಮುಖಕ್ಕೆ ಅನ್ವಯ: ನ್ಯೂಜಿಲೆಂಡಿನ ಬಾರ್ಟನ್ ಮತ್ತು ಹಾಲ್ಬರ್ಸ್ಟಾಟ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ‘ಬಾಬ್’ನಂಥ ದುಂಡು ಹೆಸರನ್ನು ಜನ ದುಂಡು ಮುಖಕ್ಕೆ ಹೊಂದಿಸುತ್ತಾರೆ. ಹೆಸರಿಗೂ ಮುಖಕ್ಕೂ ಹೊಂದಿಕೆಯಾದರೆ ಆ ವ್ಯಕ್ತಿಯನ್ನು ಹೆಚ್ಚು ಮೆಚ್ಚುತ್ತಾರೆ. ಇದನ್ನು ನಮ್ಮ ತರಗತಿಯಲ್ಲಿ ಮಾಡುವವರು ‘ಗುಂಡಪ್ಪ’ನಂಥ ಹೆಸರನ್ನು ಬಳಸಬಾರದು. ಅಲ್ಲಿ ಕೆಲಸ ಮಾಡುವುದು ಧ್ವನಿಯಲ್ಲ, ಅರ್ಥ. ಮಕ್ಕಳ ಮುಖವನ್ನಂತೂ ಉದಾಹರಣೆ ಮಾಡಲೇಬಾರದು; ಗೆರೆಚಿತ್ರ ಸಾಕು.

ನಮ್ಮ ಸಂದರ್ಭ: ನಮ್ಮ ಜಿಲ್ಲೆಯ ಹಾಜರಿ ಪುಸ್ತಕದಲ್ಲಿ ಧ್ವನಿಗಿಂತ ಗಟ್ಟಿಯಾಗಿ ಮಾತನಾಡುವುದು ಅಡ್ಡಹೆಸರು. ಬಿರಾದಾರ, ಹಿರೇಮಠ, ಬಡಿಗೇರ, ತಳವಾರ, ನದಾಫ ಎಂದು ಓದಿದೊಡನೆ ಮನೆತನ, ಕಸುಬು, ಸಮುದಾಯ ಕಣ್ಣ ಮುಂದೆ ಬರುತ್ತವೆ. ಮಗು ತಲೆ ಎತ್ತುವ ಮೊದಲೇ ಅದಕ್ಕೊಂದು ಮುಖವನ್ನು ನಾವು ಕಲ್ಪಿಸಿರುತ್ತೇವೆ. ಎದುರಿನ ಮಗು ಅದಕ್ಕೆ ಹೊಂದದಿದ್ದರೆ ‘ಇವನು ಆ ಮನೆಯವನಂತೆ ಕಾಣುವುದಿಲ್ಲ’ ಎನ್ನುತ್ತೇವೆ. ಮೆಚ್ಚುಗೆಯಂತೆ ಕೇಳಿದರೂ ಆ ಮಾತು ಮಗುವಿನ ಮನೆಯನ್ನು ಕೀಳು ಮಾಡುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಕಾರ್ಯ: ಪಾಠ ವೀಕ್ಷಿಸುವ ಸಹಪಾಠಿ ತರಗತಿಯ ಆಸನ ನಕ್ಷೆ ಬರೆದುಕೊಳ್ಳಲಿ. ಯಾವ ಮಗುವಿಗೆ ಎಷ್ಟು ಪ್ರಶ್ನೆ ಹೋಯಿತು, ಉತ್ತರಕ್ಕೆ ಎಷ್ಟು ಹೊತ್ತು ಕಾಯಲಾಯಿತು, ಯಾರನ್ನು ಹೆಸರಿನಿಂದ, ಯಾರನ್ನು ‘ಏ, ಹಿಂದಿನವ’ ಎಂದು ಕರೆಯಲಾಯಿತು ಎಂಬುದನ್ನು ಗುರುತಿಸಲಿ. ಐದು ಪಾಠಗಳ ನಂತರ ಹೆಸರುಪಟ್ಟಿಯೊಂದಿಗೆ ಹೋಲಿಸಿ. ಕಿರುಪರೀಕ್ಷೆಯ ಉತ್ತರಗಳನ್ನು ಹೆಸರಿಲ್ಲದೆ, ಕ್ರಮಸಂಖ್ಯೆಯಿಂದಷ್ಟೇ ಮೌಲ್ಯಮಾಪನ ಮಾಡಿ.

ಮೊದಲ ಅಭಿಪ್ರಾಯ ಮೂಡುವುದನ್ನು ತಡೆಯಲು ನಮ್ಮಿಂದಾಗದು. ಅದು ಅಂಕಪಟ್ಟಿಗೆ ಇಳಿಯದಂತೆ ನೋಡಿಕೊಳ್ಳಲು ಆಗುತ್ತದೆ.